ಬಾಲ್ ಬಿಟ್ಟ ಹುಡುಗಿಗೆ ಕೋಚ್ ಏನು ಹೇಳುತ್ತಾರೆ?

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡದ ಅಪ್ಪ ಅಮ್ಮಂದಿರು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಸ್ವಲ್ಪ ತಿದ್ದಿದ್ದೇನೆ, ಅಲ್ಲಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇಸ್‌ಬಾಲ್ ಥರದ್ದೇ, ಸ್ವಲ್ಪ ದೊಡ್ಡ ಬಾಲಿನ ಆಟ ಸಾಫ್ಟ್‌ಬಾಲ್. ಅದನ್ನು ನಾನು ಒಂದು ದಿನವೂ ಆಡಿದವಳಲ್ಲ. ಹಾಸನದಲ್ಲಿ ಸ್ಕೂಲಿನ ಥ್ರೋಬಾಲ್ ಟೀಮಿನಲ್ಲಿದ್ದೆ, ಅದೂ ಬೆಂಚಿನ ಮೇಲೆ. ಇಲ್ಲಿಗೆ ಬಂದ ಮೇಲೆ ಮಗಳು ಚಿಕ್ಕ ವಯಸ್ಸಿನಲ್ಲೇ ಸಾಫ್ಟ್‌ಬಾಲ್ ಸೇರಿದಳು. ಆಟದ ಮೇಲಿನ ಪ್ರೀತಿಯಿಂದ ಏನಲ್ಲ, ಪಕ್ಕದ ಮನೆಯ ಗೆಳತಿ ಸೇರಿದ್ದಳು ಅಂತ. ಅಪ್ಪ ಅಮ್ಮಂದಿರೂ ಏನಾದರೂ ಕೆಲಸ ಮಾಡಬೇಕು ಅಂದರು. ಸ್ನ್ಯಾಕ್ ಶ್ಯಾಕ್‌ನಲ್ಲಿ ನಾಚೋಸ್ ಮೇಲೆ ಚೀಸ್ ಹುಯ್ಯುವ ಕೆಲಸಕ್ಕೆ ಹೆಸರು ಕೊಟ್ಟೆ. ಎರಡು ವರ್ಷ ಕಳೆಯುವಷ್ಟರಲ್ಲಿ ಲೀಗ್‌ನ ಬೋರ್ಡ್‌ನಲ್ಲಿ ಕೂತಿದ್ದೆ. ಊರಿನ ಗಣಪತಿ ಕಮಿಟಿ ಇದ್ದ ಹಾಗೆ, ಮೀಟಿಂಗ್‌ಗೆ ಬಂದವರೇ ಮೆಂಬರು.

ಆಮೇಲೆ ಆರು ವರ್ಷ, ಕೋಚ್‌ಗಳನ್ನು ಆರಿಸುವ ಕೋಣೆಯಲ್ಲಿ ನಾನಿದ್ದೆ. ಇವತ್ತು ಆ ಕೋಣೆಯ ಬಾಗಿಲು ಸ್ವಲ್ಪ ತೆಗೆದು ತೋರಿಸುತ್ತೇನೆ.

‘ಆರಿಸುವುದು’ ಅನ್ನೋ ಮಾತೇ ಸ್ವಲ್ಪ ದೊಡ್ಡದಾಯಿತು. ಡಿಸೆಂಬರ್‌ನ ಒಂದು ರಾತ್ರಿ, ಒಂದು ಲೈಬ್ರರಿಯ ಮೀಟಿಂಗ್ ರೂಮು. ಬೋರ್ಡ್ ಮೇಲೆ ಒಂಬತ್ತು ಟೀಮಿನ ಹೆಸರು. ಕೋಚ್ ಆಗುತ್ತೇನೆ ಅಂದವರು ಏಳು ಜನ. ಹೀಗಿರುವಾಗ ಏನು ಆರಿಸುತ್ತೀರಿ? ಮಕ್ಕಳ ಬೇಸ್‌ಬಾಲ್, ಸಾಫ್ಟ್‌ಬಾಲ್ ನಡೆಸುವ ಲಿಟಲ್ ಲೀಗ್ ಸಂಸ್ಥೆಯ ನಿಯಮದ ಪ್ರಕಾರ ಮ್ಯಾನೇಜರ್, ಕೋಚ್‌ಗಳನ್ನು ಲೀಗ್‌ನ ಅಧ್ಯಕ್ಷರು ಪ್ರತಿ ವರ್ಷ ಹೊಸದಾಗಿ ನೇಮಿಸಬೇಕು, ಬೋರ್ಡ್ ಒಪ್ಪಬೇಕು. ಹೋದ ವರ್ಷ ಕೋಚ್ ಆಗಿದ್ದೆ ಅಂತ ಈ ವರ್ಷ ಯಾರಿಗೂ ಹಕ್ಕಿಲ್ಲ. ಕಾಗದದ ಮೇಲೆ ಬಹಳ ಚೆನ್ನಾಗಿದೆ. ನಿಜದಲ್ಲಿ ಎರಡು ಟೀಮಿಗೆ ದಿಕ್ಕಿಲ್ಲದಿರುವಾಗ ‘ಈತ ಹೋದ ವರ್ಷ ಬಹಳ ಕೂಗಾಡಿದ’ ಅಂತ ಎದ್ದು ಹೇಳುವುದು ಸುಲಭ ಅಲ್ಲ. ಹೇಳಿದರೆ ಮುಂದಿನ ಪ್ರಶ್ನೆ ಗ್ಯಾರಂಟಿ: ‘ಹಾಗಾದ್ರೆ ನೀವು ಮಾಡ್ತೀರಾ?’

ಇನ್ನೊಂದು ಗುಟ್ಟಿದೆ. ನಮ್ಮಲ್ಲಿ ಕೋಚ್ ಮತ್ತು ಅಸಿಸ್ಟೆಂಟ್ ಕೋಚ್‌ನ ಮಕ್ಕಳು ಡ್ರಾಫ್ಟ್‌ನಲ್ಲಿ, ಅಂದರೆ ಕೋಚ್‌ಗಳು ಸರದಿಯಂತೆ ಮಕ್ಕಳನ್ನು ಆರಿಸಿಕೊಳ್ಳುವಾಗ, ತಾನಾಗೇ ಅವರವರ ಟೀಮಿಗೆ ಹೋಗುತ್ತಾರೆ. ಹಾಗಾಗಿ ಬಾಲ್ ಎಸೆಯುವ ಜೋರು ಪಿಚರ್‌ನ ಅಪ್ಪ, ಅದನ್ನು ಹಿಡಿಯುವ ಜೋರು ಕ್ಯಾಚರ್‌ನ ಅಪ್ಪ ಇಬ್ಬರೂ ‘ನಾವಿಬ್ಬರೂ ಜೊತೆಗೇ ಕೋಚ್ ಮಾಡ್ತೀವಿ’ ಅಂತ ಬಂದರೆ ಸುಮ್ನೆ ಸ್ನೇಹಕ್ಕೆ ಅಂದುಕೊಳ್ಳಬೇಡಿ. ಡ್ರಾಫ್ಟ್ ಶುರುವಾಗುವ ಮೊದಲೇ ಅರ್ಧ ಟೀಮು ಕಟ್ಟಿ ಆಗಿರುತ್ತದೆ. ನಾನು ಮೊದಲ ವರ್ಷ ಇದನ್ನು ನೋಡಿ ‘ಎಷ್ಟು ಒಳ್ಳೆಯವರು, ಇಬ್ಬರೂ ಮುಂದೆ ಬಂದರು’ ಅಂದುಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಹಳೆಯ ಮೆಂಬರ್ ಒಬ್ಬರು ನನ್ನನ್ನು ನೋಡಿ ನಕ್ಕರು.

ಈಗ ನನ್ನ ತಪ್ಪಿನ ಕಥೆ.

ನಾನು ಬೋರ್ಡಿಗೆ ಬಂದ ಎರಡನೇ ವರ್ಷ. 10ಯು, ಅಂದರೆ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರ ಗುಂಪು. ಕಾಲೇಜಿನಲ್ಲಿ ಬೇಸ್‌ಬಾಲ್ ಆಡಿದ ಒಬ್ಬರು ಅರ್ಜಿ ಹಾಕಿದರು. ಎತ್ತರ ಆಳು, ಗಟ್ಟಿ ದನಿ, ಕೈಯಲ್ಲಿ ಕ್ಲಿಪ್‌ಬೋರ್ಡ್. ಇನ್ನೊಂದು ಅರ್ಜಿ ಪ್ರೀಸ್ಕೂಲ್‌ನಲ್ಲಿ ಕೆಲಸ ಮಾಡುವ ಒಬ್ಬ ಅಮ್ಮನದು. ಹೈಸ್ಕೂಲಿನಲ್ಲಿ ಸಾಫ್ಟ್‌ಬಾಲ್ ಆಡಿದ್ದರು, ಆದರೆ ಫಾರಂನಲ್ಲಿ ‘ಸ್ವಲ್ಪ ಅನುಭವ’ ಅಂತ ಬರೆದಿದ್ದರು. ನಾವು ಕಾಲೇಜ್ ಬೇಸ್‌ಬಾಲ್‌ಗೆ ಕೈ ಎತ್ತಿದೆವು. ನಾನೂ ಎತ್ತಿದೆ. ನನ್ನ ಮಗಳು ಅದೇ ಟೀಮಿಗೆ ಹೋದಳು.

ಬೇಸ್‌ಬಾಲ್ ಗೊತ್ತಿದ್ದರೆ ಸಾಫ್ಟ್‌ಬಾಲ್ ಗೊತ್ತು ಅಂದುಕೊಳ್ಳುವುದು, ಕ್ರಿಕೆಟ್ ಗೊತ್ತಿದ್ದವರಿಗೆ ಗಿಲ್ಲಿದಾಂಡು ಗೊತ್ತು ಅಂದುಕೊಂಡ ಹಾಗೆ. ದೂರದಿಂದ ಒಂದೇ ಥರ ಕಾಣುತ್ತದೆ. ದೊಡ್ಡವರ ಬೇಸ್‌ಬಾಲ್‌ನಲ್ಲಿ ಬೇಸ್‌ಗಳ (ಓಡುವವರು ಮುಟ್ಟಬೇಕಾದ ನಾಲ್ಕು ಮೂಲೆಗಳ) ನಡುವೆ 90 ಅಡಿ, ಇಲ್ಲಿ 60. ಇಲ್ಲಿ ಓಡುವವಳು ಪಿಚರ್ ಕೈಯಿಂದ ಬಾಲ್ ಬಿಡುವ ತನಕ ಬೇಸ್ ಬಿಡುವ ಹಾಗಿಲ್ಲ. ಪಿಚಿಂಗ್ ಅಂತೂ ಪೂರ್ತಿ ಬೇರೆ. ತೋಳು ಗಾಳಿಗಿರಣಿಯ (ವಿಂಡ್‌ಮಿಲ್) ರೆಕ್ಕೆ ಥರ ಒಂದು ಸುತ್ತು ತಿರುಗಿ, ಸೊಂಟದ ಹತ್ತಿರ ಬಾಲ್ ಬಿಡಬೇಕು. 10ಯುನಲ್ಲಿ 35 ಅಡಿಯಿಂದ, 12ಯುನಲ್ಲಿ 40, ದೊಡ್ಡ ಹುಡುಗಿಯರಿಗೆ 43. ಆ 43 ಅಡಿಯಿಂದ ಗಂಟೆಗೆ 65 ಮೈಲಿ ವೇಗದಲ್ಲಿ ಬಂದ ಬಾಲ್‌ಗೆ ಬ್ಯಾಟರ್ ಕೈಯಲ್ಲಿ ಅರ್ಧ ಸೆಕೆಂಡೂ ಇರುವುದಿಲ್ಲ. ನಮ್ಮ ಕಾಲೇಜ್ ಆಟಗಾರನಿಗೆ ವಿಂಡ್‌ಮಿಲ್ ಎಸೆತ ಹೇಳಿಕೊಡಲು ಬರುತ್ತಿರಲಿಲ್ಲ. ಬರುವುದಿಲ್ಲ ಅಂತ ಹೇಳಲೂ ಬರುತ್ತಿರಲಿಲ್ಲ.

ಅದಾದರೂ ಸರಿ, ಹೇಗೋ ಕಲಿಯಬಹುದಿತ್ತು. ಮೂರನೆಯದೋ ನಾಲ್ಕನೆಯದೋ ಮ್ಯಾಚು. ಮಗಳು ರೈಟ್ ಫೀಲ್ಡ್‌ನಲ್ಲಿ ನಿಂತಿದ್ದಳು. ಚಿಕ್ಕ ಮಕ್ಕಳ ಆಟದಲ್ಲಿ ರೈಟ್ ಫೀಲ್ಡ್ ಅಂದರೆ ಬಾಲ್ ಬರದ ಜಾಗ, ಹುಲ್ಲು ಕೀಳುವ ಜಾಗ. ಅವತ್ತು ಬಂತು. ನೆಲದ ಮೇಲೆ ಉರುಳಿಕೊಂಡು ಬಂದು ಕಾಲ ಸಂದಿಯಲ್ಲಿ ಹೋಯಿತು. ಎರಡು ರನ್. ಕೋಚ್ ಟೈಮ್ ಕೇಳಿ ಆಟ ನಿಲ್ಲಿಸಿದರು. ಇನ್ನಿಂಗ್ಸ್ ಮಧ್ಯದಲ್ಲೇ ಅವಳನ್ನು ಹೊರಗೆ ಕರೆದರು. ರೈಟ್ ಫೀಲ್ಡ್‌ನಿಂದ ನಮ್ಮ ಡಗ್‌ಔಟ್ ಮೈದಾನದ ಆ ತುದಿಗೆ. ಇಡೀ ಮೈದಾನ ಸುಮ್ಮನೆ ನೋಡುತ್ತಿತ್ತು. ಒಂಬತ್ತು ವರ್ಷದ ಹುಡುಗಿ, ದೊಡ್ಡ ಗ್ಲವ್‌ನಿಂದ ಅರ್ಧ ಮುಖ ಮುಚ್ಚಿಕೊಂಡು ನಡೆದು ಬಂದಳು. ಕೋಚ್ ಒಂದು ಮಾತೂ ಆಡಲಿಲ್ಲ. ಬೈಯಲೂ ಇಲ್ಲ. ಅವಳು ಬಂದು ಕೂರುವಾಗ ಕ್ಲಿಪ್‌ಬೋರ್ಡ್ ನೋಡುತ್ತಿದ್ದರು.

ಕಾರಿನಲ್ಲಿ ನಾನು ಏನು ಹೇಳಿದೆ ಗೊತ್ತಾ? ‘ಮೇಷ್ಟ್ರು ನಿನ್ನ ಒಳ್ಳೇದಕ್ಕೇ ಮಾಡೋದು ಪುಟ್ಟಿ’ ಅಂದೆ.

ಈ ಮಾತು ಎಲ್ಲಿಂದ ಬಂತು ಅಂತ ನಿಮಗೆ ಹೇಳಬೇಕಿಲ್ಲ. ಇಲ್ಲಿ ಕೂತಿರುವ ಎಲ್ಲರಿಗೂ ಒಬ್ಬ ಪಿ.ಟಿ. ಮೇಷ್ಟ್ರಿದ್ದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಕೋಲು. ಲೇಟಾಗಿ ಬಂದರೆ ಮೈದಾನಕ್ಕೆ ಐದು ಸುತ್ತು. ಅವರನ್ನು ನೆನೆದು ಈಗ ನಗುತ್ತೇವೆ, ಪ್ರೀತಿಯೂ ಇದೆ. ಅದಕ್ಕೇ ನಮ್ಮವರು ಕೋಚ್‌ಗಳನ್ನು ಅಳೆಯುವುದರಲ್ಲಿ ಹಿಂದೆ. ಅಮೆರಿಕದ ಅಪ್ಪ ಅಮ್ಮಂದಿರು ಮಗಳಿಗೆ ಜಾಸ್ತಿ ಆಟ ಸಿಗಲಿಲ್ಲ ಅಂತ ಜಗಳಕ್ಕೆ ಹೋಗುತ್ತಾರೆ. ನಾವು ಕೋಚ್ ಕೂಗಾಡಿದರೂ ‘ಶಿಸ್ತು ಇದೆ’ ಅಂತ ಖುಷಿಪಡುತ್ತೇವೆ. ಎರಡೂ ತಪ್ಪೇ. ಆದರೆ ನಮ್ಮದು ಬೋರ್ಡಿನ ಕಿವಿಗೆ ಬೀಳುವುದೇ ಇಲ್ಲ.

ಆ ಸೀಸನ್ ಆ ಟೀಮು ಎರಡನೇ ಜಾಗಕ್ಕೆ ಬಂತು. ಕಪ್, ಫೋಟೊ ಎಲ್ಲ ಆಯಿತು. ಮುಂದಿನ ಜನವರಿಯಲ್ಲಿ ರಿಜಿಸ್ಟ್ರೇಷನ್ ಪಟ್ಟಿ ನೋಡುತ್ತಿದ್ದೆ. ಆ ಟೀಮಿನ ಹನ್ನೆರಡು ಹುಡುಗಿಯರಲ್ಲಿ ಐವರ ಹೆಸರು ಮಾತ್ರ ಇತ್ತು. ನನ್ನ ಮಗಳದ್ದೂ ಇರಲಿಲ್ಲ. ‘ಈ ವರ್ಷ ಬೇಡ’ ಅಂದಿದ್ದಳು, ಕಾರಣ ಹೇಳಿರಲಿಲ್ಲ. ಅವತ್ತಿನಿಂದ ನಾನು ಅರ್ಜಿ ಓದುವ ರೀತಿ ಬದಲಾಯಿತು. ಗೆದ್ದ ಮ್ಯಾಚು ಎಷ್ಟು ಅಂತ ನೋಡುವುದು ಬಿಟ್ಟೆ. ಹೋದ ವರ್ಷದ ಟೀಮಿನಲ್ಲಿ ಎಷ್ಟು ಜನ ವಾಪಸ್ ಬಂದರು ಅಂತ ಎಣಿಸತೊಡಗಿದೆ.

ಇದು ಒಬ್ಬ ಅಮ್ಮನ ಹೊಟ್ಟೆಯುರಿ ಅಂದುಕೊಳ್ಳಬೇಡಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮಾಲ್ ಅನ್ನೋ ಇಬ್ಬರು ಮನೋವಿಜ್ಞಾನಿಗಳು 1970ರ ದಶಕದಿಂದ ಇದನ್ನೇ ನೋಡಿಕೊಂಡು ಬಂದರು. ಮೈದಾನದ ಪಕ್ಕ ಕೂತು, ಕೋಚ್ ಪ್ರತಿ ಸಲ ಏನು ಮಾಡಿದ ಅಂತ ಬರೆದುಕೊಳ್ಳುವುದು. ಮಗು ಚೆನ್ನಾಗಿ ಆಡಿದಾಗ ಏನು ಹೇಳಿದ, ತಪ್ಪಿದಾಗ ಏನು ಹೇಳಿದ. ಆಮೇಲೆ ಕೆಲವು ಕೋಚ್‌ಗಳಿಗೆ ಕೆಲವೇ ಗಂಟೆಗಳ ತರಬೇತಿ ಕೊಟ್ಟರು. ಪ್ರಯತ್ನಕ್ಕೆ ಶಹಬ್ಬಾಸ್ ಅನ್ನಿ, ತಪ್ಪಿಗೆ ಶಿಕ್ಷೆ ಬೇಡ, ತಪ್ಪಿದ ತಕ್ಷಣ ಧೈರ್ಯ ಹೇಳಿ ಸರಿಯಾದ ರೀತಿ ತೋರಿಸಿ. ಇಷ್ಟೇ. 1992ರಲ್ಲಿ ಅವರು ನ್ಯಾನ್ಸಿ ಬಾರ್ನೆಟ್ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿ ಇಲ್ಲದ ಕೋಚ್‌ಗಳ ಹತ್ತಿರ ಆಡಿದ ಮಕ್ಕಳಲ್ಲಿ ಶೇ. 26 ಜನ ಮುಂದಿನ ವರ್ಷ ಬಿಟ್ಟರು. ತರಬೇತಿ ಪಡೆದವರ ಹತ್ತಿರ ಬಿಟ್ಟವರು ಶೇ. 5. ಇದು ಹುಡುಗರ ಬೇಸ್‌ಬಾಲ್‌ನಲ್ಲಿ ಮಾಡಿದ್ದು, ಅದನ್ನೂ ಹೇಳಬೇಕು. ಸೋಲು ಗೆಲುವಿನಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ನನ್ನನ್ನು ಕಾಡಿದ್ದು ಆ ಕೊನೇ ಮಾತು. ಗೆಲ್ಲಿಸಲಿ ಅಂತ ತಾನೇ ನಾವು ಕೂಗಾಟವನ್ನು ಸಹಿಸಿಕೊಂಡದ್ದು?

ಹಾಗಾದರೆ ಒಳ್ಳೆಯ ಕೋಚ್ ಹೇಗಿರುತ್ತಾರೆ? ಅದನ್ನೂ ಹತ್ತಿರದಿಂದ ನೋಡಿದ್ದೇನೆ.

ಆ ಪ್ರೀಸ್ಕೂಲ್ ಅಮ್ಮನನ್ನು ಮರುವರ್ಷ ನಾವೇ ಹೋಗಿ ಕೇಳಿಕೊಂಡೆವು. ಬಂದರು. ಒಂದು ಶನಿವಾರ ಬೆಳಗ್ಗೆ ಅವರ ಟೀಮಿನ ಪಿಚರ್, ಹತ್ತು ವರ್ಷದವಳು, ಸಾಲಾಗಿ ನಾಲ್ಕು ವಾಕ್ ಕೊಟ್ಟಳು. ವಾಕ್ ಅಂದರೆ ನಾಲ್ಕು ಎಸೆತ ದಿಕ್ಕು ತಪ್ಪಿ, ಬ್ಯಾಟರ್ ಸುಮ್ಮನೆ ಮೊದಲ ಬೇಸ್‌ಗೆ ನಡೆದುಹೋಗುವುದು. 10ಯು ಆಟದ ದೊಡ್ಡ ರೋಗ ಇದು. ಒಂದು ಬಾಲ್ ಬ್ಯಾಟರ್ ನಿಲ್ಲುವ ಪ್ಲೇಟಿನ ಮುಂದೆ ಕುಪ್ಪಳಿಸುತ್ತದೆ, ಮುಂದಿನದು ಕ್ಯಾಚರ್ ತಲೆ ಮೇಲೆ ಹಾರಿ ಹಿಂದಿನ ಬೇಲಿಗೆ ಝಣ್ ಅಂತ ಹೊಡೆಯುತ್ತದೆ. ಹುಡುಗಿಯ ಗಲ್ಲ ನಡುಗುತ್ತಿತ್ತು. ಬಾಲನ್ನು ಪ್ಯಾಂಟಿಗೆ ಉಜ್ಜುತ್ತಲೇ ಇದ್ದಳು. ಕೋಚ್ ಟೈಮ್ ಕೇಳಿ, ಪಿಚರ್ ನಿಲ್ಲುವ ಸರ್ಕಲ್‌ಗೆ ನಡೆದರು. ಅವಸರ ಇರಲಿಲ್ಲ. ಒಂದು ಮಂಡಿ ನೆಲಕ್ಕೆ ಊರಿ ಕೂತರು. ಈಗ ಹುಡುಗಿ ಅವರನ್ನು ಮೇಲಿನಿಂದ ನೋಡುತ್ತಿದ್ದಳು. ಅರ್ಧ ನಿಮಿಷ ಇರಬೇಕು. ಎದ್ದು ಬಂದರು.

ಏನು ಹೇಳಿದಿರಿ ಅಂತ ಆಮೇಲೆ ಕೇಳಿದೆ. ‘ಮ್ಯಾಚ್ ಆದಮೇಲೆ ಯಾವ ಬಣ್ಣದ ಸ್ನೋ ಕೋನ್ ತಗೋತೀಯ ಅಂತ ಕೇಳಿದೆ. ನೀಲಿ ಅಂದಳು. ಇನ್ನು ಕ್ಯಾಚರ್‌ನ ಗ್ಲವ್ ಮಾತ್ರ ನೋಡು ಅಂದೆ.’ ಅಷ್ಟೇ.

ಇದಾದ ಮೇಲೆ ಅವಳು ಮೂರು ಸ್ಟ್ರೈಕ್ (ಗುರಿ ತಪ್ಪದ ಎಸೆತ) ಎಸೆದಳು ಅಂತ ಹೇಳಿದರೆ ನಿಮಗೆ ಖುಷಿಯಾಗುತ್ತಿತ್ತು. ಎಸೆಯಲಿಲ್ಲ. ಇನ್ನೊಂದು ವಾಕ್. ಇನ್ನಿಂಗ್ಸ್‌ಗೆ ಐದು ರನ್ ಆದರೆ ನಿಲ್ಲಿಸಬೇಕು ಅನ್ನೋ ನಿಯಮ ಇದ್ದದ್ದಕ್ಕೆ ಬಚಾವ್. ಆದರೆ ಮುಂದಿನ ವಾರ ‘ಇವತ್ತು ಯಾರು ಪಿಚ್ ಮಾಡ್ತೀರಿ’ ಅಂದಾಗ ಅದೇ ಹುಡುಗಿ ಕೈ ಎತ್ತಿದಳು. ಡಗ್‌ಔಟ್‌ನಲ್ಲಿ ಹುಡುಗಿಯರು ಬೇಲಿಗೆ ನೇತುಬಿದ್ದು, ತಾಳ ಹಾಕಿಕೊಂಡು ಕೂಗಿ ಹಾಡುತ್ತಿದ್ದರು. ಸಾಫ್ಟ್‌ಬಾಲ್‌ನ ಅರ್ಧ ಮಜಾ ಆ ಹಾಡುಗಳಲ್ಲೇ ಇದೆ. ಕೆಲವು ಕೋಚ್‌ಗಳು ‘ಗಮನ ಹಾಳಾಗುತ್ತೆ’ ಅಂತ ಅದನ್ನೂ ನಿಲ್ಲಿಸುತ್ತಾರೆ. ಹಾಡದ ಡಗ್‌ಔಟ್ ಕಂಡರೆ ನಾನು ಆ ಟೀಮನ್ನು ಇನ್ನೊಂದು ಸಲ ನೋಡಿ ಬರುತ್ತಿದ್ದೆ.

ಆಮೇಲಿನ ವರ್ಷಗಳಲ್ಲಿ ಇಂಟರ್‌ವ್ಯೂನಲ್ಲಿ ನಾವು ಒಂದೇ ಪ್ರಶ್ನೆಯ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತಿದ್ದೆವು. ಕೊನೇ ಇನ್ನಿಂಗ್ಸ್. ಒಂದು ರನ್ ಮುಂದಿದ್ದೀರಿ. ನಿಮ್ಮ ಟೀಮಿನ ಎಲ್ಲರಿಗಿಂತ ಕಡಿಮೆ ಆಡಲು ಬರುವ ಹುಡುಗಿ ಇನ್ನೂ ಫೀಲ್ಡ್‌ಗೆ ಇಳಿದಿಲ್ಲ. ಏನು ಮಾಡುತ್ತೀರಿ? ಲಿಟಲ್ ಲೀಗ್‌ನಲ್ಲಿ ಪ್ರತಿ ಮಗುವೂ ಕನಿಷ್ಠ ಆರು ಔಟ್ ಆಗುವವರೆಗೆ ಫೀಲ್ಡಿಂಗ್ ಮಾಡಬೇಕು, ಒಂದು ಸಲ ಬ್ಯಾಟ್ ಮಾಡಬೇಕು ಅಂತ ನಿಯಮವಿದೆ. ಒಂದು ಇನ್ನಿಂಗ್ಸ್‌ಗೆ ಮೂರೇ ಔಟ್. ಹಾಗಾಗಿ ‘ಕೊನೇ ಇನ್ನಿಂಗ್ಸ್ ತನಕ ಅವಳನ್ನು ಯಾಕೆ ಕೂರಿಸಿದೆ?’ ಅಂತ ತಿರುಗಿ ಕೇಳಿದವರಿಗೆ ನಾವು ಒಳಗೊಳಗೇ ನಂಬರ್ ಕೊಡುತ್ತಿದ್ದೆವು. ಇಬ್ಬರೇ ಹಾಗೆ ಕೇಳಿದ್ದು. ಒಬ್ಬರು ಅಪ್ಪ, ಒಬ್ಬರು ಅಮ್ಮ.

ಅಮ್ಮಂದಿರ ವಿಷಯ ಬಂತಲ್ಲ, ಹೇಳುತ್ತೇನೆ. ಹುಡುಗಿಯರ ಟೀಮು, ಆದರೆ ಕೋಚ್‌ಗಳಲ್ಲಿ ಅಪ್ಪಂದಿರೇ ಜಾಸ್ತಿ. ಆಡಿದ ಹೆಂಗಸರಿಲ್ಲವಾ? ಧಾರಾಳವಾಗಿ ಇದ್ದಾರೆ. ನ್ಯೂ ಜೆರ್ಸಿಯ ಹೊಬೋಕನ್‌ನಲ್ಲಿ 1972ರಲ್ಲಿ ಮರಿಯಾ ಪೆಪೆ ಅನ್ನೋ ಹುಡುಗಿ ಲಿಟಲ್ ಲೀಗ್‌ನ ಹುಡುಗರ ಟೀಮಿನಲ್ಲಿ ಮೂರು ಮ್ಯಾಚ್ ಆಡಿದಳು, ಆಮೇಲೆ ಹುಡುಗಿ ಅಂತ ತೆಗೆಸಿದರು. ಕೇಸ್ ನಡೆದು, 1974ರಲ್ಲಿ ಲಿಟಲ್ ಲೀಗ್ ಹುಡುಗಿಯರಿಗೆ ಬಾಗಿಲು ತೆರೆಯಿತು. ಅದೇ ವರ್ಷ ಸಾಫ್ಟ್‌ಬಾಲ್ ವಿಭಾಗ ಶುರು ಮಾಡಿತು. 1972ರಲ್ಲೇ ಟೈಟಲ್ ನೈನ್ ಕಾನೂನು ಬಂದು ಶಾಲೆ ಕಾಲೇಜುಗಳಲ್ಲಿ ಹುಡುಗಿಯರ ಆಟಕ್ಕೂ ಜಾಗ ಸಿಕ್ಕಿತು. ಅಂದರೆ ಈ ದೇಶದಲ್ಲಿ 50 ವರ್ಷದಿಂದ ಹುಡುಗಿಯರು ವಿಂಡ್‌ಮಿಲ್ ಎಸೆಯುತ್ತಿದ್ದಾರೆ. ಅವರೆಲ್ಲ ಈಗ ಎಲ್ಲಿದ್ದಾರೆ? ಬೇಲಿಯ ಆಚೆ, ಮಡಚುವ ಕುರ್ಚಿಯ ಮೇಲೆ, ಕಿತ್ತಳೆ ಹಣ್ಣು ಬಿಡಿಸುತ್ತಾ ಕೂತಿದ್ದಾರೆ.

‘ಯಾರಾದರೂ ಕೋಚ್ ಆಗುತ್ತೀರಾ’ ಅಂತ ಎಲ್ಲರಿಗೂ ಒಂದೇ ಈಮೇಲ್ ಕಳಿಸಿದರೆ ಅಪ್ಪಂದಿರು ಉತ್ತರ ಕೊಡುತ್ತಾರೆ. ಟಿವಿಯಲ್ಲಿ ಜೈಂಟ್ಸ್ ಬೇಸ್‌ಬಾಲ್ ಮ್ಯಾಚ್ ನೋಡಿದ್ದೇ ಅರ್ಹತೆ ಆದರೂ ‘ಓ, ಮಾಡೋಣ’ ಅನ್ನುತ್ತಾರೆ. ನಾಲ್ಕು ವರ್ಷ ಹೈಸ್ಕೂಲ್ ಟೀಮಿಗೆ ಪಿಚ್ ಮಾಡಿದ ಹೆಂಗಸು ‘ನನಗೆ ಅಷ್ಟೇನೂ ಗೊತ್ತಿಲ್ಲ’ ಅನ್ನುತ್ತಾಳೆ. ಅವರ ಕುರ್ಚಿಯ ಹತ್ತಿರ ಹೋಗಿ, ಹೆಸರು ಹಿಡಿದು, ‘ನೀವೇ ಬೇಕು’ ಅನ್ನಬೇಕು. ಎರಡು ಸಲ ಅನ್ನಬೇಕು. ಹೆಂಗಸರೇ ಆಗಬೇಕು ಅಂತ ನನ್ನ ವಾದ ಅಲ್ಲ. ನಾನು ಕಂಡ ಅತ್ಯುತ್ತಮ ಕೋಚ್‌ಗಳಲ್ಲಿ ಒಬ್ಬರು ಬಸ್ ಡ್ರೈವರ್ ಅಪ್ಪ. ಆದರೆ ಡಗ್‌ಔಟ್‌ನಲ್ಲಿ ಒಬ್ಬ ಹೆಂಗಸಾದರೂ ಇರಬೇಕು. ಹನ್ನೆರಡರ ಹುಡುಗಿಗೆ ಮ್ಯಾಚ್ ಮಧ್ಯೆ ಮುಟ್ಟು ಶುರುವಾದರೆ ಯಾರ ಹತ್ತಿರ ಹೋಗಬೇಕು? ಇಂಥದ್ದನ್ನು ನಮ್ಮ ಕಡೆ ಬಾಯಿಬಿಟ್ಟು ಹೇಳುವುದಿಲ್ಲ. ಇವತ್ತು ಹೇಳಿಬಿಟ್ಟೆ.

ಇನ್ನು ಸುರಕ್ಷತೆ. ಸಂಕೋಚ ಬಿಟ್ಟು ಕೇಳಬೇಕಾದ ಭಾಗ ಇದು. ಲ್ಯಾರಿ ನಾಸರ್ ಅನ್ನೋ ಜಿಮ್ನಾಸ್ಟಿಕ್ಸ್ ಡಾಕ್ಟರ್ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಪ್ರಕರಣ ಹೊರಬಿದ್ದ ಮೇಲೆ, 2018ರ ಫೆಬ್ರವರಿಯಲ್ಲಿ ಇಲ್ಲಿ ಸೇಫ್ ಸ್ಪೋರ್ಟ್ ಕಾನೂನು ಬಂತು. ಅದರ ವ್ಯಾಪ್ತಿಗೆ ಬರುವ ದೊಡ್ಡವರು ಮಕ್ಕಳ ಮೇಲಿನ ದೌರ್ಜನ್ಯದ ಅನುಮಾನ ಬಂದರೆ 24 ಗಂಟೆಯೊಳಗೆ ತಿಳಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಎಬಿ 506 ಕಾನೂನು ಇದೆ. ನಿಯಮಿತವಾಗಿ ಮಕ್ಕಳ ಜೊತೆ ಕೆಲಸ ಮಾಡುವ ವಾಲಂಟಿಯರ್‌ಗಳೂ ಬೆರಳಚ್ಚು ಕೊಟ್ಟು ತಪಾಸಣೆ ಮಾಡಿಸಿಕೊಳ್ಳಬೇಕು, ತರಬೇತಿ ಮುಗಿಸಬೇಕು. ಲಿಟಲ್ ಲೀಗ್ ಕೂಡ ಪ್ರತಿ ವರ್ಷ ಹಿನ್ನೆಲೆ ತಪಾಸಣೆ ಕೇಳುತ್ತದೆ. ಆದರೆ ತಪಾಸಣೆ ಹೇಳುವುದು ಹಿಂದೆ ಸಿಕ್ಕಿಬಿದ್ದವರ ಬಗ್ಗೆ ಮಾತ್ರ. ಅದಕ್ಕೇ ಮೈದಾನದ ಅಭ್ಯಾಸಗಳನ್ನು ನೋಡಿ. ಕೋಚ್ ಒಬ್ಬರೇ ಒಬ್ಬ ಹುಡುಗಿಯನ್ನು ಕಾರಿನಲ್ಲಿ ಬಿಡುತ್ತಾರಾ? ಮೆಸೇಜ್ ಮಗುವಿಗೆ ನೇರವಾಗಿ ಹೋಗುತ್ತಾ, ಅಪ್ಪ ಅಮ್ಮ ಇರುವ ಗ್ರೂಪಿಗೆ ಬರುತ್ತಾ? ಆಟದಲ್ಲಿನ ದೌರ್ಜನ್ಯದ ದೂರು ವಿಚಾರಿಸುವ ಯು.ಎಸ್. ಸೆಂಟರ್ ಫಾರ್ ಸೇಫ್‌ಸ್ಪೋರ್ಟ್‌ನ ಶಿಸ್ತುಕ್ರಮದ ಪಟ್ಟಿ ಯಾರು ಬೇಕಾದರೂ ನೋಡುವ ಹಾಗಿದೆ. ಹೆಸರು ಹಾಕಿ ಹುಡುಕಿ. ಒಳ್ಳೆಯ ಕೋಚ್‌ಗೆ ಇದರಿಂದ ಬೇಜಾರಾಗುವುದಿಲ್ಲ. ಬೇಜಾರಾದರೆ ಆಗಲಿ.

ಪಿಚರ್‌ಗಳ ತೋಳಿನ ಬಗ್ಗೆ ಒಂದು ಮಾತು. ‘ಕೆಳಗಿನಿಂದ ಎಸೆಯೋದು ಸಹಜ, ಎಷ್ಟು ಬೇಕಾದರೂ ಎಸೀಬಹುದು’ ಅಂತ ಹೇಳುವ ಕೋಚ್ ಸಿಕ್ಕರೆ ಹುಷಾರು. ಬೇಸ್‌ಬಾಲ್ ಹುಡುಗರಿಗೆ ಲಿಟಲ್ ಲೀಗ್ 2007ರಿಂದ ಎಸೆತ ಎಣಿಸುತ್ತದೆ, 11-12 ವಯಸ್ಸಿನವರಿಗೆ ದಿನಕ್ಕೆ 85. ಸಾಫ್ಟ್‌ಬಾಲ್‌ಗೆ ಆ ಲೆಕ್ಕವನ್ನು ತಂದಿಲ್ಲ. ಭುಜ ನೋವಿಗೆ ಅದು ಗೊತ್ತಿಲ್ಲವಲ್ಲ. ಎಣಿಸುವ ಕೋಚ್ ತಾವಾಗಿಯೇ ಎಣಿಸುತ್ತಾರೆ, ಜೇಬಿನಲ್ಲಿ ಕ್ಲಿಕ್ಕರ್ ಇರುತ್ತದೆ.

ಮಾತು ಮುಗಿದ ಮೇಲೆ ಒಬ್ಬರು ಟ್ರಾವೆಲ್ ಬಾಲ್ ಬಗ್ಗೆ ಕೇಳಿದರು. ವರ್ಷಕ್ಕೆ ಸಾವಿರಾರು ಡಾಲರ್, ಸಂಬಳದ ಕೋಚ್, ಬೇರೆ ಬೇರೆ ಊರಿನಲ್ಲಿ ಟೂರ್ನಮೆಂಟ್. ದುಡ್ಡು ಕೊಟ್ಟರೆ ಒಳ್ಳೆಯ ಕೋಚ್ ಸಿಗುತ್ತಾರಾ? ಆಟ ಚೆನ್ನಾಗಿ ಗೊತ್ತಿರುವವರು ಸಿಗುತ್ತಾರೆ. ಉಳಿದದ್ದಕ್ಕೆ ಅಲ್ಲೂ ಅದೇ ಪರೀಕ್ಷೆ. ಟ್ರೈಔಟ್‌ಗೆ (ಆಯ್ಕೆ ಪರೀಕ್ಷೆಗೆ) ಹೋಗುವ ಮೊದಲು ಅವರ ಒಂದು ಮ್ಯಾಚಿಗೆ ಹೋಗಿ, ಮಗಳನ್ನು ಕರೆದುಕೊಂಡು ಹೋಗಬೇಡಿ. ಡಗ್‌ಔಟ್‌ನ ಪಕ್ಕ ನಿಂತು, ಯಾರಾದರೂ ಬಾಲ್ ಬಿಡುವ ತನಕ ಕಾಯಿರಿ. ಜಾಸ್ತಿ ಹೊತ್ತು ಕಾಯಬೇಕಾಗುವುದಿಲ್ಲ.

ಇನ್ನೊಬ್ಬರು ಕೇಳಿದ್ದು: ‘ನಮಗೆ ಆಟವೇ ಗೊತ್ತಿಲ್ಲ, ನಾವು ಏನು ಕೋಚ್ ಮಾಡೋದು?’ ಹೆಡ್ ಕೋಚ್ ಆಗಬೇಡಿ, ಅಸಿಸ್ಟೆಂಟ್ ಆಗಿ. ದಾವಣಗೆರೆಯಲ್ಲಿ ಸ್ಕೂಲ್ ಖೋಖೋ ಆಡಿದ ಒಬ್ಬ ಅಮ್ಮ ನಮ್ಮ ಹುಡುಗಿಯರಿಗೆ ಬೇಸ್ ರನ್ನಿಂಗ್ ಹೇಳಿಕೊಟ್ಟರು. ಓಡುತ್ತಾ ಓಡುತ್ತಾ ಗಕ್ಕನೆ ನಿಂತು ತಿರುಗುವುದನ್ನು ಅವರ ಹಾಗೆ ಕಲಿಸಿದವರನ್ನು ನಾನು ನೋಡಿಲ್ಲ. ಕ್ರಿಕೆಟ್ ಅಪ್ಪಂದಿರು ಕ್ಯಾಚ್ ಚೆನ್ನಾಗಿ ಕಲಿಸುತ್ತಾರೆ. ಕ್ರಿಕೆಟ್‌ನ ಹಾಗೆ ಬ್ಯಾಟ್ ಹಿಡಿದುಕೊಂಡೇ ಓಡು ಅಂತ ಮಾತ್ರ ಹೇಳಬೇಡಿ, ಒಬ್ಬರು ಹೇಳಿದ್ದರು.

ಮಗಳು? ಒಂದು ವರ್ಷ ಬಿಟ್ಟು ವಾಪಸ್ ಬಂದಳು, ಆ ಪ್ರೀಸ್ಕೂಲ್ ಕೋಚ್‌ನ ಟೀಮಿಗೆ. ಈಗ 14ಯು, ಸೆಂಟರ್ ಫೀಲ್ಡ್. ಬಾಲ್ ಈಗಲೂ ಆಗಾಗ ಬಿಡುತ್ತಾಳೆ.

ವಾಲಂಟಿಯರ್ ಫಾರಂಗಳನ್ನು ಬಾಗಿಲ ಹತ್ತಿರ, ಕಾಫಿ ಫ್ಲಾಸ್ಕ್ ಪಕ್ಕ ಇಟ್ಟಿದ್ದೆ. ಅವತ್ತು ಮೂರು ತುಂಬಿ ಬಂದವು, ಎರಡು ಅಮ್ಮಂದಿರದು. ಮೂರನೆಯದು ಒಬ್ಬ ಅಪ್ಪನದು. ಅನುಭವ ಅನ್ನೋ ಕಾಲಂನಲ್ಲಿ ಹೀಗಿತ್ತು: ‘ಗಲ್ಲಿ ಕ್ರಿಕೆಟ್, ವಿಕೆಟ್ ಕೀಪರ್, ಮಲ್ಲೇಶ್ವರಂ’. ಅವರಿಗೆ ಕ್ಯಾಚರ್‌ಗಳನ್ನು ಒಪ್ಪಿಸೋಣ ಅಂದುಕೊಂಡಿದ್ದೇವೆ.